ಇಂಥದ್ದೇ ಕೆಲಸ ಬೇಕು ಅನ್ನುವವರಿಗೆ: ಎಂಟು ಹಂತಗಳ ದಾರಿ

ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ, ಕೊನೆಯ ವರ್ಷದ ರಿಸಲ್ಟ್ ಬಂತೆಂದರೆ ಒಂದೇ ಬಗೆಯ ಫೋನುಗಳು ಶುರುವಾಗುತ್ತವೆ. "ಸರ್, ಪಾಸಾದೆ. ಯಾವುದಾದ್ರೂ ಕೆಲಸ ಇದ್ರೆ ಹೇಳಿ ಸರ್." ಆ ಮಾತಿನಲ್ಲಿ ವಿನಯವಿದೆ, ಅವಸರವಿದೆ, ಮನೆಯ ಕಷ್ಟವೂ ಇದೆ. ಆದರೆ ಸಹಾಯ ಮಾಡಬೇಕೆನ್ನುವವನಿಗೆ ಹಿಡಿದುಕೊಳ್ಳಲು ಒಂದು ಎಳೆಯೂ ಇಲ್ಲ. ಫೋನ್ ಇಟ್ಟ ಮೇಲೆ ನಾನು ಯಾರನ್ನು ವಿಚಾರಿಸಲಿ? ಬ್ಯಾಂಕಿನವರನ್ನೋ, ಗಾರ್ಮೆಂಟ್ಸಿನವರನ್ನೋ, ಔಷಧ ಕಂಪನಿಯವರನ್ನೋ?

ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಬಸ್ಸಿನಲ್ಲಿ ಓಡಾಡಿ ಬಿ.ಎಸ್ಸಿ. ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಕೂಡ ಹೀಗೇ ಕೇಳಿದ್ದಳು. ಈಗ ಅವಳು ಬೆಂಗಳೂರಿನ ಒಂದು ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿದ್ದಾಳೆ, ತಾನು ಬಯಸಿದ ಕೆಲಸವನ್ನೇ ಮಾಡುತ್ತಿದ್ದಾಳೆ. ಆ ಫೋನಿಗೂ ಮೊದಲ ದಿನದ ಡ್ಯೂಟಿಗೂ ನಡುವೆ ಹನ್ನೊಂದು ತಿಂಗಳು ಹಿಡಿಯಿತು. ಆ ಹನ್ನೊಂದು ತಿಂಗಳಲ್ಲಿ ನಾವಿಬ್ಬರೂ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನೀವು ಓದಿದ್ದು ಕಾಮರ್ಸ್ ಆಗಿರಲಿ, ಐ.ಟಿ.ಐ. ಆಗಿರಲಿ, ಕೆಲಸದ ಹೆಸರು ಬೇರೆಯಾಗುತ್ತದೆ. ನಡೆಯಬೇಕಾದ ದಾರಿ ಇದೇ.

ಹಂತ 1: ಬೇಕಾದ ಕೆಲಸಕ್ಕೆ ಹೆಸರಿಡಿ

ಆ ದಿನ ನಾನು ಅವಳನ್ನು ಕೇಳಿದೆ, "ನೋಡಮ್ಮ, ಕೆಲಸದ ಮಾತು ಆಮೇಲೆ. ಈ ಮೂರು ವರ್ಷದಲ್ಲಿ ಗಡಿಯಾರದ ಕಡೆ ನೋಡದೆ ಮಾಡಿದ ಕೆಲಸ ಯಾವುದು?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. "ಟೈಟ್ರೇಷನ್ ಸರ್. ಬ್ಯೂರೆಟ್ಟಿಂದ ಹನಿಹನಿಯಾಗಿ ಬಿಡ್ತಾ ಇರ್ತೀವಲ್ಲ, ಆ ತಿಳಿ ಗುಲಾಬಿ ಬಣ್ಣ ಬಂದು ನಿಲ್ಲೋ ತನಕ ತಲೇಲಿ ಬೇರೆ ಏನೂ ಇರಲ್ಲ. ಒಂದು ಹನಿ ಜಾಸ್ತಿ ಆದ್ರೂ ರೀಡಿಂಗ್ ಕೆಟ್ಟೋಗುತ್ತೆ." ಆಮೇಲೆ ತಾನಾಗಿಯೇ ಇನ್ನೊಂದು ಮಾತು ಸೇರಿಸಿದಳು. "ಮನೇಲಿ ಅಪ್ಪ ಡೈರಿಗೆ ಹಾಲು ಹಾಕಿ ಬಂದ ತಕ್ಷಣ ಅಮ್ಮ ಕೇಳೋದು ಒಂದೇ, ಇವತ್ತು ಫ್ಯಾಟ್ ಎಷ್ಟು ಬಂತು ಅಂತ. ಆ ನಂಬರ್ ಮೇಲೇ ನಮ್ಮನೆ ದುಡ್ಡು. ಅದನ್ನ ಸರಿಯಾಗಿ ಅಳೆಯೋರು ಒಬ್ರು ಇರಬೇಕು ಅನ್ನಿಸ್ತಿತ್ತು."

ಹೆಸರು ಅಲ್ಲೇ ಸಿಕ್ಕಿತು: ಹಾಲು ಮತ್ತು ಆಹಾರ ಪರೀಕ್ಷೆ ಮಾಡುವ ಲ್ಯಾಬಿನ ಕೆಲಸ.

ನೀವೂ ಒಂದು ನೋಟ್‌ಬುಕ್ ತೆಗೆದುಕೊಂಡು ಮೂರು ಪುಟ ಬರೆಯಿರಿ. ಮೊದಲ ಪುಟದಲ್ಲಿ, ಹೊತ್ತು ಹೋದದ್ದೇ ತಿಳಿಯದಂತೆ ಮಾಡಿದ ಕೆಲಸಗಳು. ಅಣ್ಣನ ಮದುವೆಯ ಖರ್ಚಿನ ಲೆಕ್ಕ ಬರೆದದ್ದು, ಪಕ್ಕದ ಮನೆಯ ಮೋಟರ್ ಬಿಚ್ಚಿ ಜೋಡಿಸಿದ್ದು, ಏನಿದ್ದರೂ ಸರಿ. ಎರಡನೇ ಪುಟದಲ್ಲಿ, "ಇದನ್ನ ನೀನೇ ಮಾಡಿಕೊಡು" ಎಂದು ಬೇರೆಯವರು ನಿಮ್ಮ ಹತ್ತಿರ ತರುವ ಕೆಲಸಗಳು. ಮೂರನೇ ಪುಟದಲ್ಲಿ, ಬಿಟ್ಟುಕೊಡಲಾಗದ ಷರತ್ತುಗಳು: ಊರಿನಿಂದ ಎಷ್ಟು ದೂರ ಹೋಗಬಲ್ಲಿರಿ, ರಾತ್ರಿ ಪಾಳಿ ಆದೀತೇ, ಪಿ.ಜಿ. ಬಾಡಿಗೆ, ಊಟ, ಬಸ್ಸು, ಮನೆಗೆ ಕಳಿಸುವ ಹಣ ಎಲ್ಲ ಸೇರಿ ತಿಂಗಳಿಗೆ ಕನಿಷ್ಠ ಎಷ್ಟು ಬೇಕು. ಈ ಮೂರೂ ಪುಟಗಳಿಗೆ ಹೊಂದುವ ಒಂದು ವಾಕ್ಯ ಬರೆದಾಗ ಮೊದಲ ಹಂತ ಮುಗಿಯಿತು. ಆ ವಾಕ್ಯ ಮುಂದೆ ಬದಲಾದರೂ ಚಿಂತೆಯಿಲ್ಲ. ಈಗ ಅದು ಇರಬೇಕು, ಅಷ್ಟೆ.

ಹಂತ 2: ಆ ಕೆಲಸ ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿ

ಒಂದೇ ಕೆಲಸಕ್ಕೆ ಹತ್ತು ಹೆಸರಿರುತ್ತದೆ. ನಮ್ಮ ವಿದ್ಯಾರ್ಥಿನಿ ಬಯಸಿದ್ದನ್ನು ಜಾಹೀರಾತುಗಳು ಕ್ಯೂಸಿ ಕೆಮಿಸ್ಟ್, ಲ್ಯಾಬ್ ಅನಲಿಸ್ಟ್, ಕ್ವಾಲಿಟಿ ಟ್ರೈನಿ, ಲ್ಯಾಬ್ ಅಸಿಸ್ಟೆಂಟ್ ಎಂದೆಲ್ಲ ಕರೆಯುತ್ತವೆ. ಹೆಸರು ಗೊತ್ತಿಲ್ಲದಿದ್ದರೆ ಕಣ್ಣೆದುರಿಗೇ ಇರುವ ಜಾಹೀರಾತೂ ಕಾಣುವುದಿಲ್ಲ. ಆದ್ದರಿಂದ ಮೊದಲು ಹೆಸರುಗಳನ್ನು ಕೂಡಿಹಾಕಿ.

ಆಮೇಲೆ ಜಾಗಗಳನ್ನು ಹುಡುಕಿ. ಆಹಾರ ಪರೀಕ್ಷೆ ಎಂದರೆ ಹಾಲಿನ ಡೈರಿಯೊಂದೇ ಅಲ್ಲ. ಬಿಸ್ಕತ್ತು, ಎಣ್ಣೆ, ಮಸಾಲೆ, ಕಾಫಿ ಕಾರ್ಖಾನೆಗಳಲ್ಲಿ ಸ್ವಂತ ಲ್ಯಾಬ್ ಇರುತ್ತದೆ. ಇವಲ್ಲದೆ, ಹೊರಗಿನಿಂದ ಬಂದ ಸ್ಯಾಂಪಲ್ ಪರೀಕ್ಷಿಸಿ ವರದಿ ಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಖಾಸಗಿ ಪ್ರಯೋಗಾಲಯಗಳಿವೆ. ಇಂಥ ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ಎನ್.ಎ.ಬಿ.ಎಲ್. ಅದರ ಜಾಲತಾಣದಲ್ಲಿ ಯಾವ ಊರಿನ ಯಾವ ಲ್ಯಾಬು ಯಾವ ಪರೀಕ್ಷೆ ಮಾಡುತ್ತದೆ ಎಂಬ ಪಟ್ಟಿ ಉಚಿತವಾಗಿ ಸಿಗುತ್ತದೆ. ಅವಳು ಮೂರು ಸಂಜೆ ಕೂತು ಪೀಣ್ಯ, ಜಿಗಣಿ, ಮೈಸೂರು, ನಂಜನಗೂಡು ಕಡೆಯ ಮೂವತ್ತೆರಡು ಹೆಸರು ಬರೆದುಕೊಂಡಳು. ನಿಮ್ಮ ಕ್ಷೇತ್ರಕ್ಕೂ ಇಂಥ ಪಟ್ಟಿಯೊಂದು ಎಲ್ಲೋ ಇದ್ದೇ ಇರುತ್ತದೆ: ಕೈಗಾರಿಕಾ ಪ್ರದೇಶದ ಸಂಘದ ಬಳಿ, ವೃತ್ತಿಪರರ ಸಂಘದ ಬಳಿ, ಪರವಾನಗಿ ಕೊಡುವ ಇಲಾಖೆಯ ಬಳಿ.

ಇದರ ಜೊತೆಗೆ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಕೇಂದ್ರ ಕಾರ್ಮಿಕ ಸಚಿವಾಲಯ 2015ರಲ್ಲಿ ಶುರು ಮಾಡಿದ ಈ ಸೇವೆಗೆ ಅಭ್ಯರ್ಥಿಗಳು ಹಣ ಕೊಡಬೇಕಿಲ್ಲ. ಸರ್ಕಾರಿ ಅಥವಾ ಸಹಕಾರಿ ಹಾಲು ಒಕ್ಕೂಟದ ಹುದ್ದೆ ನಿಮ್ಮ ಗುರಿಯಾಗಿದ್ದರೆ ಅದು ಅಧಿಸೂಚನೆ ಮತ್ತು ಪರೀಕ್ಷೆಯ ದಾರಿ. ಅದಕ್ಕೆ ದಿನಕ್ಕೆ ಇಂತಿಷ್ಟು ಗಂಟೆ ಎಂದು ಮೀಸಲಿಡಿ. ಆದರೆ ಅಧಿಸೂಚನೆ ಬರುವವರೆಗೆ ಕೈಕಟ್ಟಿ ಕೂರಬೇಡಿ.

ಹಂತ 3: ಆ ಕೆಲಸ ಮಾಡುತ್ತಿರುವವರನ್ನು ಮಾತಾಡಿಸಿ

ಎಂಟು ಹಂತಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

"ನಮಗೆ ಯಾರೂ ಗೊತ್ತಿಲ್ಲ ಸರ್" ಎನ್ನುತ್ತಾರೆ ಹಳ್ಳಿಯ ಮಕ್ಕಳು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಕೆಲಸ ಬದಲಿಸಿದವರನ್ನು ಮಾತಾಡಿಸಿ, 1973ರಲ್ಲಿ ಒಂದು ಪ್ರಬಂಧ ಬರೆದರು. ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ತಲುಪಿಸಿದ್ದು ಆಪ್ತ ಗೆಳೆಯರಲ್ಲ, ಆಗೊಮ್ಮೆ ಈಗೊಮ್ಮೆ ಕಾಣುವ ಪರಿಚಯಸ್ಥರು ಎಂದು ಅವರು ಕಂಡುಕೊಂಡರು. ಕಾರಣ ಸರಳವಾಗಿದೆ. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದ ಪರಿಚಯಸ್ಥರು ಬೇರೊಂದು ಲೋಕದಲ್ಲಿ ಓಡಾಡುತ್ತಾರೆ, ಅಲ್ಲಿನ ಸುದ್ದಿ ತರುತ್ತಾರೆ.

ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ನಾವು ಪಕ್ಕದಲ್ಲಿರುವವರನ್ನೇ ಮರೆತಿರುತ್ತೇವೆ. ನಮ್ಮ ವಿದ್ಯಾರ್ಥಿನಿಗೆ ದಾರಿ ತೆರೆದದ್ದು ಅವಳ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ದಿನಾ ಬೆಳಿಗ್ಗೆ ಅಪ್ಪನ ಹಾಲು ಅಳೆಯುತ್ತಿದ್ದವರೇ. ಅವರು ಶೀತಲೀಕರಣ ಕೇಂದ್ರದ ಲ್ಯಾಬಿನವರೊಬ್ಬರ ನಂಬರ್ ಕೊಟ್ಟರು. ಆ ಲ್ಯಾಬಿನವರ ಹಳೆಯ ಸಹಪಾಠಿ ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದರಲ್ಲಿ ಹಿರಿಯ ಅನಲಿಸ್ಟ್. ಮೂರೇ ಕೊಂಡಿ.

ಫೋನ್ ಮಾಡುವ ಮುನ್ನ ಅವಳು ಹೇಳಬೇಕಾದ್ದನ್ನು ಹಾಳೆಯಲ್ಲಿ ಬರೆದುಕೊಂಡಿದ್ದಳು. ಅದು ಹೀಗಿತ್ತು:

"ನಮಸ್ಕಾರ ಮೇಡಂ. ನಾನು ಈ ವರ್ಷ ಬಿ.ಎಸ್ಸಿ. ಕೆಮಿಸ್ಟ್ರಿ ಮುಗಿಸಿದ್ದೀನಿ. ನಿಮ್ಮ ನಂಬರ್ ಶೀತಲೀಕರಣ ಕೇಂದ್ರದ ಸರ್ ಕೊಟ್ರು. ಆಹಾರ ಪರೀಕ್ಷೆ ಲ್ಯಾಬಲ್ಲಿ ಕೆಲಸ ಮಾಡಬೇಕು ಅಂತ ನನ್ನ ಆಸೆ. ನಿಮ್ಮನ್ನ ಕೆಲಸ ಕೊಡಿಸಿ ಅಂತ ಕೇಳ್ತಿಲ್ಲ ಮೇಡಂ. ಆ ಕೆಲಸ ಹೇಗಿರುತ್ತೆ, ನಾನು ಏನು ಕಲೀಬೇಕು ಅಂತ ತಿಳ್ಕೋಬೇಕಿತ್ತು. ನಿಮಗೆ ಬಿಡುವಿದ್ದಾಗ ಹದಿನೈದು ನಿಮಿಷ ಮಾತಾಡಬಹುದಾ?"

ಭಾನುವಾರ ಸಂಜೆ ಆ ಮೇಡಂ ಹದಿನೈದು ನಿಮಿಷದ ಬದಲು ಮುಕ್ಕಾಲು ಗಂಟೆ ಮಾತಾಡಿದರು. ತಮ್ಮ ಕೆಲಸದ ಬಗ್ಗೆ ಮನಸ್ಸಿಟ್ಟು ಕೇಳುವವರು ಸಿಕ್ಕರೆ ಯಾರಿಗೂ ಖುಷಿಯೇ. "ಕೆಲಸ ಕೊಡಿಸಿ" ಎಂದರೆ ಅವರು ಬಾಗಿಲು ಹಾಕಿಕೊಳ್ಳಲು ಕಾರಣ ಹುಡುಕಬೇಕಾಗುತ್ತದೆ. "ಹೇಳಿಕೊಡಿ" ಎಂದರೆ ಮೇಷ್ಟ್ರಾಗುತ್ತಾರೆ.

ಕೇಳಬೇಕಾದ ಪ್ರಶ್ನೆಗಳು ಐದು. ಬೆಳಿಗ್ಗೆಯಿಂದ ಸಂಜೆವರೆಗೆ ನಿಜವಾಗಿ ಏನು ಮಾಡುತ್ತೀರಿ? ಈ ಕೆಲಸದಲ್ಲಿ ಬೇಸರ ತರುವುದು ಯಾವುದು? ಹೊಸಬರಲ್ಲಿ ನೀವು ಮೊದಲು ನೋಡುವುದೇನು? ನಾನು ಮುಂದಿನ ಮೂರು ತಿಂಗಳಲ್ಲಿ ಏನು ಕಲಿಯಲಿ? ನಾನು ಮಾತಾಡಿಸಬಹುದಾದ ಇನ್ನೊಬ್ಬರು ಯಾರಾದರೂ ಇದ್ದಾರೆಯೇ? ಎರಡನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಬೇಸರದ ಭಾಗ ಕೇಳಿದ ಮೇಲೂ ಆಸೆ ಉಳಿದಿದ್ದರೆ ಅದು ಗಟ್ಟಿ ಆಸೆ. ಮಾತಾಡಿದ ಮರುದಿನ ಒಂದು ಧನ್ಯವಾದದ ಮೆಸೇಜ್ ಕಳಿಸಿ. ಅವರು ಹೇಳಿದ್ದನ್ನು ಮಾಡಿದ ಮೇಲೆ ಅದನ್ನೂ ತಿಳಿಸಿ. ಹೀಗೆ ಐದಾರು ಜನರನ್ನು ಮಾತಾಡಿಸಿ.

ಹಂತ 4: ಕೊರತೆ ಎಣಿಸಿ, ತುಂಬಿಕೊಳ್ಳಿ

ನಿಮ್ಮ ಕೆಲಸದ ಹತ್ತು ಜಾಹೀರಾತುಗಳನ್ನು ಮುಂದಿಟ್ಟುಕೊಂಡು, ಯಾವ ಪದ ಎಷ್ಟು ಸಲ ಬಂದಿದೆ ಎಂದು ಗೆರೆ ಎಳೆದು ಎಣಿಸಿ. ನಮ್ಮ ಎಣಿಕೆಯಲ್ಲಿ ಮೇಲೆ ಬಂದವು ಎಕ್ಸೆಲ್, ಡಾಕ್ಯುಮೆಂಟೇಷನ್, ಎಫ್.ಎಸ್.ಎಸ್.ಎ.ಐ. (ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮಗಳು, ಎಚ್.ಪಿ.ಎಲ್.ಸಿ. ಮೊದಲ ಮೂರನ್ನು ಮನೆಯಲ್ಲಿದ್ದೇ ಕಲಿಯಬಹುದು. ನಾಲ್ಕನೆಯದು ದುಬಾರಿ ಯಂತ್ರ, ಊರಿನಲ್ಲಿ ಸಿಗುವುದಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂಬ ತತ್ವ ಓದಿಕೊಂಡು, "ಯಂತ್ರ ಮುಟ್ಟಿಲ್ಲ, ತತ್ವ ಗೊತ್ತು" ಎಂದು ನೇರವಾಗಿ ಹೇಳುವುದೆಂದು ತೀರ್ಮಾನಿಸಿದಳು.

ಎಲ್ಲ ಅರ್ಹತೆ ಪೂರ್ತಿಯಾಗಲಿ ಎಂದು ಕಾಯಬೇಡಿ. ಅರ್ಧಕ್ಕಿಂತ ಹೆಚ್ಚು ಹೊಂದುತ್ತಿದ್ದರೆ ಅರ್ಜಿ ಹಾಕಿ. ಅನುಭವ ಕೇಳುವ ಕಡೆ ಅಪ್ರೆಂಟಿಸ್‌ಶಿಪ್ ಒಳ್ಳೆಯ ಮೆಟ್ಟಿಲು. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಕೊಡುವ ಸಂಸ್ಥೆ ಸ್ಟೈಪೆಂಡ್ ಕೊಡಲೇಬೇಕು, ಕೊನೆಗೆ ಪ್ರಮಾಣಪತ್ರವೂ ಸಿಗುತ್ತದೆ. ಆಹಾರ ಕ್ಷೇತ್ರದವರಿಗೆ ಮೈಸೂರಿನಲ್ಲಿ 1950ರಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ. ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತದೆ. ಆದರೆ ಯಾವುದೇ ಕೋರ್ಸಿಗೆ ಹಣ ಕಟ್ಟುವ ಮುನ್ನ, ಮೂರನೇ ಹಂತದಲ್ಲಿ ಮಾತಾಡಿಸಿದವರನ್ನು ಒಂದು ಮಾತು ಕೇಳಿ: "ಈ ಸರ್ಟಿಫಿಕೇಟಿಗೆ ನಿಮ್ಮಲ್ಲಿ ಬೆಲೆ ಇದೆಯೇ?"

ಹಂತ 5: ಒಂದೇ ಪುಟದ ರೆಸ್ಯೂಮೆ

ಹೊಸಬರಿಗೆ ಒಂದು ಪುಟ ಸಾಕು. ಹೆಸರು, ಫೋನು, ಮೇಲ್ ಮೇಲೆ ಇರಲಿ. ಮೇಲ್ ವಿಳಾಸದಲ್ಲಿ ನಿಮ್ಮ ಹೆಸರಿರಲಿ, ನೆಚ್ಚಿನ ನಟನ ಹೆಸರು ಬೇಡ. ತಂದೆಯ ವೃತ್ತಿ, ಜಾತಿ, ಧರ್ಮ ಬರೆಯುವ ಅಗತ್ಯವಿಲ್ಲ. ಇಂಟರ್ನೆಟ್ಟಿನಿಂದ ನಕಲು ಮಾಡಿದ ‘ಆಬ್ಜೆಕ್ಟಿವ್’ ಪ್ಯಾರಾ ತೆಗೆದುಹಾಕಿ.

ಅವಳ ಮೊದಲ ರೆಸ್ಯೂಮೆಯಲ್ಲಿ "ಪ್ರಯೋಗಾಲಯದ ಉತ್ತಮ ಜ್ಞಾನವಿದೆ" ಎಂಬ ಅರ್ಥದ ಸಾಲೊಂದಿತ್ತು. ಅದನ್ನು ಓದಿದವರಿಗೆ ಏನೂ ಕಾಣುವುದಿಲ್ಲ. ತಿದ್ದಿದ ಮೇಲೆ ಆ ಸಾಲು ಹೀಗಾಯಿತು: "ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ನಮ್ಮ ಹಳ್ಳಿಯ 24 ಮನೆಗಳ ಹಾಲಿನ ಆಮ್ಲೀಯತೆಯನ್ನು ಟೈಟ್ರೇಷನ್ ಮೂಲಕ ಅಳೆದು, ಪ್ರತಿ ಸ್ಯಾಂಪಲ್ ಮೂರು ಸಲ ಪರೀಕ್ಷಿಸಿ, ಫಲಿತಾಂಶವನ್ನು ಎಕ್ಸೆಲ್‌ನಲ್ಲಿ ದಾಖಲಿಸಿದೆ." ಏನು ಮಾಡಿದೆ, ಎಷ್ಟು ಮಾಡಿದೆ, ಹೇಗೆ ಮಾಡಿದೆ ಎಂಬ ಮೂರೂ ಈ ಸಾಲಿನಲ್ಲಿವೆ. ನಿಮ್ಮ ಒಂದೊಂದು ಸಾಲನ್ನೂ ಈ ಮೂರು ಪ್ರಶ್ನೆಗಳಿಗೆ ಒಡ್ಡಿ ನೋಡಿ. ಮಾಡದ್ದನ್ನು ಮಾತ್ರ ಬರೆಯಬೇಡಿ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ಹಂತ 6: ಅರ್ಜಿ ಹಾಕಿ, ಲೆಕ್ಕ ಇಡಿ

ಮೂವತ್ತೆರಡು ಲ್ಯಾಬಿಗೂ ಒಂದೇ ಮೇಲ್ ಕಳಿಸಿದ್ದರೆ ಅರ್ಧ ಗಂಟೆಯ ಕೆಲಸ. ಅವಳು ದಿನಕ್ಕೆ ಎರಡರಂತೆ ಕಳಿಸಿದಳು. ಪ್ರತಿ ಮೇಲಿನಲ್ಲೂ ಆ ಲ್ಯಾಬು ಏನು ಪರೀಕ್ಷಿಸುತ್ತದೆ ಎಂಬುದನ್ನು ಹೆಸರಿಸಿದ ಒಂದು ವಾಕ್ಯ ಇರುತ್ತಿತ್ತು. ಎಲ್ಲಿ ಕೆಲಸ ಮಾಡುವವರ ಪರಿಚಯವಾಗಿತ್ತೋ ಅಲ್ಲಿಗೆ ಅವರ ಮೂಲಕವೇ ರೆಸ್ಯೂಮೆ ತಲುಪಿಸಿದಳು.

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ಸಂಸ್ಥೆ, ಕಳಿಸಿದ ದಿನ, ಯಾರಿಗೆ, ಉತ್ತರ, ಮುಂದಿನ ಹೆಜ್ಜೆ. ಉತ್ತರ ಬರದಿದ್ದರೆ ಒಂದು ವಾರದ ನಂತರ ವಿನಯದಿಂದ ಒಮ್ಮೆ ನೆನಪಿಸಿ. ಹೆಚ್ಚಿನ ಕಡೆಯಿಂದ ಉತ್ತರವೇ ಬರುವುದಿಲ್ಲ. ಅವಳಿಗೂ ಮೂವತ್ತೆರಡರಲ್ಲಿ ಏಳು ಕಡೆಯಿಂದ ಉತ್ತರ ಬಂತು, ನಾಲ್ಕು ಕಡೆ ಸಂದರ್ಶನಕ್ಕೆ ಕರೆದರು. ಮೌನವನ್ನು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪು ಎಂದು ಓದಬೇಡಿ.

ಇಲ್ಲೊಂದು ಎಚ್ಚರಿಕೆ. ನೋಂದಣಿ ಶುಲ್ಕ, ಯೂನಿಫಾರ್ಮ್ ಡಿಪಾಸಿಟ್, ಆಫರ್ ಲೆಟರ್ ಚಾರ್ಜ್ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಕೊಡಬೇಡಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಹಣ ಕೇಳುವುದಿಲ್ಲ. ಅಕಸ್ಮಾತ್ ಆನ್‌ಲೈನಿನಲ್ಲಿ ಮೋಸಹೋಗಿ ಹಣ ಕಳಿಸಿದ್ದರೆ ನಾಚಿಕೆಪಡುತ್ತ ಕೂರದೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಲ್ಲಿ ಒಂದೊಂದು ಗಂಟೆಯೂ ಮುಖ್ಯ.

ಹಂತ 7: ಸಂದರ್ಶನಕ್ಕೆ ಸಿದ್ಧರಾಗಿ

"ನಿಮ್ಮ ಬಗ್ಗೆ ಹೇಳಿ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಊರು, ಅಪ್ಪ, ಅಮ್ಮ, ಹವ್ಯಾಸ ಎಂದು ಒಪ್ಪಿಸಬೇಡಿ. ಏನು ಓದಿದೆ, ಏನು ಮಾಡಿದೆ, ಈ ಕೆಲಸವೇ ಏಕೆ ಎಂಬುದನ್ನು ಒಂದೂವರೆ ನಿಮಿಷದಲ್ಲಿ ಹೇಳಲು ಅಭ್ಯಾಸ ಮಾಡಿ. ಇಂಗ್ಲಿಷಿನಲ್ಲಿ ಹೇಳಬೇಕಾದರೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ನೀವೇ ಕೇಳಿ. ಮೊದಲ ಸಲ ಕೇಳುವಾಗ ಮುಜುಗರವಾಗುತ್ತದೆ, ಹತ್ತನೇ ಸಲಕ್ಕೆ ಧ್ವನಿ ನಿಮ್ಮದಾಗುತ್ತದೆ.

ಮೊದಲ ಎರಡು ಸಂದರ್ಶನಗಳಲ್ಲಿ ಅವಳು ಆಯ್ಕೆಯಾಗಲಿಲ್ಲ. ಎರಡರಿಂದಲೂ ಹೊರಬಂದ ಕೂಡಲೇ ಬಸ್ ಸ್ಟಾಪಿನಲ್ಲಿ ಕೂತು, ಕೇಳಿದ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದ್ದಳು. ಮೂರನೆಯ ಕಡೆ ಕೇಳಿದರು, "ಹಾಲಿನ ಜಿಡ್ಡು ಹೇಗೆ ಅಳೀತೀರಿ?" ಅವಳು ಹೇಳಿದಳು: ಗರ್ಬರ್ ವಿಧಾನ. ಬ್ಯೂಟಿರೋಮೀಟರಿಗೆ ಮೊದಲು 10 ಮಿ.ಲೀ. ಗಂಧಕಾಮ್ಲ, ಆಮೇಲೆ 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಮುಚ್ಚಳ ಹಾಕಿ ಕಲಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿಟ್ಟು ಅಳತೆ ಓದುವುದು. "ಆಮ್ಲ ಯಾಕೆ ಹಾಕ್ತಾರೆ?" ಎಂಬ ಮರುಪ್ರಶ್ನೆ ಬಂತು. ಹಾಲಿನ ಪ್ರೋಟೀನನ್ನು ಕರಗಿಸಿ ಜಿಡ್ಡನ್ನು ಬಿಡಿಸುವುದಕ್ಕೆ ಎಂದಳು. ಹಿಂದಿನ ಸಂದರ್ಶನದಲ್ಲಿ ಅವಳು ತಡವರಿಸಿದ್ದು ಇದೇ ಪ್ರಶ್ನೆಗೆ. "ಇದನ್ನ ಕೈಯಾರೆ ಮಾಡಿದ್ದೀರಾ?" ಎಂದಾಗ, "ಶೀತಲೀಕರಣ ಕೇಂದ್ರದಲ್ಲಿ ಎರಡು ದಿನ ನಿಂತು ನೋಡಿದ್ದೀನಿ ಸರ್, ಮಾಡಿಲ್ಲ" ಎಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರನ್ನು ಲ್ಯಾಬಿನವರು ನಂಬುತ್ತಾರೆ. ಸುಳ್ಳು ರೀಡಿಂಗ್ ಬರೆಯುವವರು ಅವರಿಗೆ ಬೇಡ.

ಮೂಲ ಅಂಕಪಟ್ಟಿಗಳ ಜೊತೆ ಎರಡು ಸೆಟ್ ಜೆರಾಕ್ಸ್ ಇರಲಿ, ಡಿಜಿಲಾಕರ್‌ನಲ್ಲೂ ಇಟ್ಟುಕೊಂಡಿರಿ. ಅರ್ಧ ಗಂಟೆ ಮುಂಚೆ ತಲುಪಿ. ಕೊನೆಯಲ್ಲಿ "ಏನಾದರೂ ಕೇಳಬೇಕೇ?" ಎಂದಾಗ ತಲೆ ಅಲ್ಲಾಡಿಸಿ ಎದ್ದುಬಿಡಬೇಡಿ. "ಮೊದಲ ಮೂರು ತಿಂಗಳು ನಾನು ಏನು ಮಾಡಬೇಕಾಗುತ್ತದೆ?" ಎಂದು ಕೇಳಿ.

ಹಂತ 8: ಆಫರ್ ಬಂದಾಗ ಓದಿ, ಆಮೇಲೆ ಸಹಿ ಹಾಕಿ

ಅವಳಿಗೆ ಬಂದ ಆಫರ್ ವರ್ಷಕ್ಕೆ 2,40,000 ರೂಪಾಯಿ ಸಿ.ಟಿ.ಸಿ., ಅಂದರೆ ಅವಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಮನೆಯಲ್ಲಿ ತಿಂಗಳಿಗೆ 20,000 ಎಂದು ಲೆಕ್ಕ ಹಾಕಿಬಿಟ್ಟರು. ನಾವು ಕೂತು ಬಿಡಿಸಿದೆವು. ಮೂಲವೇತನ 12,000. ಅದರ ಶೇ. 12ರಂತೆ ಕಂಪನಿ ಕಟ್ಟುವ ಪಿ.ಎಫ್. 1,440 ಮತ್ತು ಕಂಪನಿಯ ಪಾಲಿನ ಇ.ಎಸ್.ಐ. ಶೇ. 3.25, ಎರಡೂ ಸಿ.ಟಿ.ಸಿ.ಯೊಳಗೇ ಸೇರಿದ್ದವು. ಅವನ್ನು ಕಳೆದು ಉಳಿದ ಒಟ್ಟು ಸಂಬಳ ಸುಮಾರು 17,980. ಅದರಲ್ಲಿ ಅವಳ ಪಾಲಿನ ಪಿ.ಎಫ್. 1,440 ಮತ್ತು ಇ.ಎಸ್.ಐ. ಶೇ. 0.75 ಕಡಿತವಾಗಿ ಕೈಗೆ ಬರುವುದು ಸುಮಾರು 16,400. ಹಣ ಪೋಲಾಗಿಲ್ಲ, ಪಿ.ಎಫ್. ಅವಳದೇ ಉಳಿತಾಯ. ಆದರೆ ಬಾಡಿಗೆ ಕಟ್ಟಲು ಸಿಗುವುದು 16,400. ಮೊದಲ ಹಂತದ ಮೂರನೇ ಪುಟ ತೆಗೆದು ನೋಡಿದಳು. ಅಲ್ಲಿ ಬರೆದದ್ದು 15,000. ಸಾಕಾಗಿತ್ತು.

ಪ್ರೊಬೇಷನ್ ಎಷ್ಟು ತಿಂಗಳು, ಬಿಡುವಾಗ ಎಷ್ಟು ದಿನದ ನೋಟಿಸ್ ಕೊಡಬೇಕು, ಬಾಂಡ್ ಇದೆಯೇ ಎಂದು ನೋಡಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಒಪ್ಪಿಸಿ ಬರಬೇಡಿ. ಅರ್ಥವಾಗದ್ದನ್ನು ಎಚ್.ಆರ್. ಬಳಿ ಕೇಳಿ. ಕೇಳಿದ್ದಕ್ಕೆ ಒಳ್ಳೆಯ ಸಂಸ್ಥೆ ಬೇಸರಪಡುವುದಿಲ್ಲ.

ತಡವಾದರೆ

ಹನ್ನೊಂದು ತಿಂಗಳು ಸಣ್ಣ ಅವಧಿಯಲ್ಲ. ಮನೆಗೆ ಬಂದವರೆಲ್ಲ "ಇನ್ನೂ ಏನೂ ಆಗಿಲ್ವಾ?" ಎಂದು ಕೇಳುತ್ತಿದ್ದರು. ಅವಳು ಸಂಜೆ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿದಳು. ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ, ಪಾಸಾಗಿ ಆರು ತಿಂಗಳು ಕಳೆದರೂ ಕೆಲಸ ಸಿಗದ ಅರ್ಹ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ಸಿಗುತ್ತದೆ. ಬಸ್ಸಿಗೆ, ಜೆರಾಕ್ಸಿಗೆ ಅದೂ ಆಸರೆಯೇ. ದುಡಿಮೆ ಅನಿವಾರ್ಯವಾದರೆ ಯಾವ ಕೆಲಸವನ್ನಾದರೂ ಹಿಡಿಯಿರಿ, ಅದರಲ್ಲಿ ಅವಮಾನವಿಲ್ಲ. ಸಾಧ್ಯವಾದಷ್ಟೂ ಅದು ನಿಮ್ಮ ಗುರಿಯ ಬಾಗಿಲಿಗೆ ಹತ್ತಿರವಿರಲಿ, ಮತ್ತು ವಾರಕ್ಕೆ ಒಂದು ಸಂಜೆಯಾದರೂ ನೋಟ್‌ಬುಕ್ ತೆರೆಯಿರಿ.

ಅವಳಿಗೂ ಮೊದಲು ಸಿಕ್ಕದ್ದು ಪರೀಕ್ಷೆ ಮಾಡುವ ಮೇಜಲ್ಲ. ಬಂದ ಸ್ಯಾಂಪಲ್‌ಗಳಿಗೆ ನಂಬರ್ ಹಾಕಿ ದಾಖಲಿಸುವ ಜಾಗ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅನಲಿಸ್ಟ್‌ಗಳ ಪಕ್ಕ ನಿಂತು ನೋಡುತ್ತಿದ್ದಳು. ಏಳನೇ ತಿಂಗಳು ಒಂದು ರಾತ್ರಿ ಫೋನ್ ಮಾಡಿದಳು. "ಸರ್, ಇವತ್ತು ಹಾಲಿನ ಸ್ಯಾಂಪಲ್ ನನ್ನ ಕೈಗೆ ಕೊಟ್ರು. ಮೂರು ಸಲ ಮಾಡಿದೆ, ಮೂರು ಸಲಾನೂ ಒಂದೇ ರೀಡಿಂಗ್ ಬಂತು." ಆಮೇಲೊಂದು ದಿನ ಅವಳ ತಂದೆಯೂ ಊರಿನಿಂದ ಫೋನ್ ಮಾಡಿ ಮಾತಾಡಿದರು. ಮಗಳು ಊರಿಗೆ ಬಂದಾಗಲೆಲ್ಲ ತನ್ನ ಜೊತೆ ಡೈರಿಗೆ ಬರುತ್ತಾಳೆ, ಫ್ಯಾಟ್ ನೋಡುವಾಗ ಪಕ್ಕದಲ್ಲೇ ನಿಲ್ಲುತ್ತಾಳೆ ಎಂದರು.

ಇವತ್ತು ರಾತ್ರಿ ಮಲಗುವ ಮುಂಚೆ ಮೊದಲ ಪುಟ ಬರೆಯಿರಿ. ಮುಂದಿನ ಸಲ ನನ್ನಂಥ ಮೇಷ್ಟ್ರಿಗೆ ಫೋನ್ ಮಾಡುವಾಗ "ಸರ್, ನನಗೆ ಇಂಥ ಕೆಲಸ ಬೇಕು, ಅದನ್ನು ಮಾಡುತ್ತಿರುವವರು ಯಾರಾದರೂ ಗೊತ್ತಾ?" ಎಂದು ಕೇಳಿ. ಆಗ ನಮ್ಮ ಕೈಲಾದದ್ದನ್ನು ನಾವೂ ಮಾಡಬಲ್ಲೆವು.